ಬರಿ ಒರಳಿನ ಸದ್ದು

ಹಳಿಯಾಳ, ಏಳನೇ ಗೋಪುರಮನೆ
ಫೆಬ್ರವರಿ ೩೦, ೨೧೮೬

ನೂರ ಅರವತ್ತು ವರ್ಷ ಹಿಂದಿನ ಹಿರಿಯರಿಗೆ,

ತಾರೀಖು ತಪ್ಪಲ್ಲ, ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಲುಸಿಯಾ ಸಿದ್ದಿಯವರಿಗೆ ನೀರಿನ ಚೀಟಿ ಕೊಡಲು ಹೋದಾಗ ಅವರ ಒರಳು ಕಣ್ಣಿಗೆ ಬಿತ್ತು. ಮೆಣಸಿನ ಘಾಟಿಲ್ಲ, ಒಂದು ನುಚ್ಚಕ್ಕಿಯೂ ಇಲ್ಲ. ನಿನ್ನೆ ಸಂಜೆ ಅರ್ಧ ಗಂಟೆ ಕುಟ್ಟುವ ಸದ್ದು ಕೇಳಿದ್ದೆ. ಅವರ ಮಣಿಕಟ್ಟು ಊದಿತ್ತು.

ನಮ್ಮೆರಡು ಮನೆಗಳ ನಡುವಿನ ಗೋಡೆಯಲ್ಲಿ ಕೇಳುಗಲ್ಲು ಇದೆ. ಯಾವ ಕಡೆಯಿಂದ ಹೆಣ್ಣಿನ ಕೂಗು ಕೇಳಿದರೂ ಎರಡೂ ಮನೆಯ ಬಾಗಿಲು ತೆರೆದು ಕಾವಲಿನವರನ್ನು ಕರೆಯುವ ಯಂತ್ರ ಅದು. ಅದಕ್ಕೆ ಕಲಿಸಿದ್ದು ನಿಮ್ಮ ಕಾಲದ ದೂರುಗಳಿಂದ: ಅತ್ತವರು, ಕಿರುಚಿದವರು, ಠಾಣೆಗೆ ನಡೆದವರು. ನಮ್ಮ ಕಡೆಯ ಹೆಂಗಸರೂ ಹಾಗೇ, ಕೇರಿಗೆಲ್ಲ ಕೇಳುವಂತೆ ಕೂಗಿ ತವರಿಗೆ ಹೊರಡುವವರು. ಬೇರೆ ರೀತಿ ಇರಬಹುದೆಂದು ನನಗೆ ಹೊಳೆದಿರಲಿಲ್ಲ.

“ಯಾಕಕ್ಕಾ ಕೂಗಲಿಲ್ಲ?” ಎಂದೆ.

“ಕೂಗಿದ್ರೆ ನಮ್ಮನೆಯವ್ರ ಸಿಟ್ಟು ಹೆಚ್ಚಾಗ್ತದೆ. ಕುಟ್ಟಿದ್ರೆ ಅಡಿಗೆ ಅಂದ್ಕೊಳ್ತಾರೆ. ನಮ್ಮ ಕೇರೀಲಿ ಬರಿ ಒರಳು ಕೇಳಿದ್ರೆ ನಾಲ್ಕು ಹೆಂಗಸ್ರು ಬಂದು ಜಗಲಿ ಮೇಲೆ ಕೂತ್ಬಿಡ್ತಿದ್ರು. ಅವ್ರು ಏಳೋ ತನಕ ಯಾರೂ ಕೈ ಎತ್ತೂದಿಲ್ಲ.” ಆಮೇಲೆ ನಕ್ಕರು. “ನೀನು ನಾಲ್ಕು ತಿಂಗಳಿಂದ, ಇವತ್ತೇನಕ್ಕಾ ಚಟ್ನಿ, ಅಂತ ಕೇಳ್ತಾ ಇದ್ದೀ.”

ಎಂ.ಎ.ಯಲ್ಲಿ ಹೆಣ್ಣಿನ ಮೌನದ ಬಗ್ಗೆ ನಲವತ್ತು ಪುಟ ಬರೆದು ಅಂಕ ಪಡೆದವಳು ನಾನು.

ಅವರ ಗಂಡ ಸುಕೇಶ ನನ್ನೂರಿನವನೇ, ಅವನಿಗೂ ಆ ಸದ್ದಿನ ಅರ್ಥ ಗೊತ್ತಿರಲಿಲ್ಲ. ನಿನ್ನೆ ಅವನು ಒರಳಿಗೆ ಕೈ ಹಾಕಿ ನೋಡಿದನಂತೆ. ಏನೂ ಸಿಗಲಿಲ್ಲ. ಇನ್ನು ಅಡುಗೆಯೆಂದು ನಂಬುವುದಿಲ್ಲ.

ಮಧ್ಯಾಹ್ನ ಕಾವಲಿನವರ ಬಳಿ ಹೋದೆ. ಕಲ್ಲಿನ ದಾಖಲೆ ತೆಗೆದು ತೋರಿಸಿದರು: ನಾಲ್ಕು ತಿಂಗಳೂ ‘ಅಡುಗೆ, ಅಡುಗೆ, ಅಡುಗೆ’. “ಕಲ್ಲು ಹೇಳದೆ ನಾವು ಬರೋ ಹಾಗಿಲ್ಲಮ್ಮ” ಎಂದರು.

ನಿಮ್ಮಲ್ಲಿ ಒಂದೇ ಬೇಡಿಕೆ. ಠಾಣೆಗೆ ಬಾರದವರ ಮನೆಗೂ ಹೋಗಿ. ‘ನೆರವಿಗೆ ನೀವು ಹೇಗೆ ಕರೆಯುತ್ತೀರಿ?’ ಎಂದು ಅವರನ್ನೇ ಕೇಳಿ, ಅದನ್ನೂ ಬರೆದಿಡಿ.

ಸುಕೇಶ ಆರಕ್ಕೆ ಬರುತ್ತಾನೆ. ಈಗ ಐದೂವರೆ. ತರಗತಿಯಲ್ಲಿ ಹಾಜರಿ ಕರೆದಾಗಲೂ ಬಾಯಿ ಬಿಡದೆ ಕೈ ಎತ್ತುತ್ತಿದ್ದವಳು, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೇನೆ. ಒರಳಿನ ಮೊದಲ ಸದ್ದಿಗೇ ನಾನು ಕೂಗುತ್ತೇನೆ. ಬಾಗಿಲು ತೆರೆದರೆ ಒಳಗೆ ಹೋಗಿ ಕೂರುತ್ತೇನೆ, ಅಕ್ಕ ಏಳು ಅನ್ನುವ ತನಕ.

ಸಂಹಿತಾ