ನನ್ನ ಸಹಿ ನಡೆಯುವುದಿಲ್ಲವಂತೆ

ನನ್ನ ಮಾಸ್ತರರೇ,

ಹೋದ ವರ್ಷ ಕಾಲೇಜಿನವರು ಬಂದು ನನ್ನ ಸಹಿ ನಡೆಯುವುದಿಲ್ಲ ಎಂದಾಗಲೇ ನಿಮಗೆ ಬರೆಯಬೇಕಿತ್ತು. ಬರೆಯಲಿಲ್ಲ, ನಾಚಿಕೆಯಾಯಿತು. ಈಗ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದಿದೆ. ಇನ್ನು ಯಾರ ಹತ್ತಿರ ಹೇಳಲಿ? ಶಿರವಾಡದಲ್ಲಿ ನಿಮ್ಮ ಮನೆಯ ಮುಂದೆ ಬಸ್ಸು ಹಾದಾಗಲೆಲ್ಲ ಇಳಿದುಬಿಡೋಣ ಅನ್ನಿಸುತ್ತದೆ. ನೀವು ತೀರಿಹೋಗಿ ನಾಲ್ಕು ವರ್ಷವಾಯಿತು ಅನ್ನುವುದು ಬಸ್ಸು ಮುಂದೆ ಹೋದ ಮೇಲೆ ನೆನಪಾಗುತ್ತದೆ.

ಹಟ್ಟಿಕೇರಿಯಿಂದ ಐ.ಟಿ.ಐ.ಗೆ ಮೊದಲ ದಿನ ಬಂದಾಗ ಫಿಟ್ಟರ್ ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ನೀವು ಒಂದು ಅರ, ಒಂದು ಕಬ್ಬಿಣದ ತುಂಡು ಕೊಟ್ಟು "ಉಜ್ಜು" ಎಂದಿರಿ. ಅಂಗೈಯಲ್ಲಿ ಬೊಬ್ಬೆ ಎದ್ದು ಅಳುತ್ತ ನಿಂತರೆ, "ಅಳೂಕೆ ಮನೆ ಅದೆ ಮಾರಾಯ್ತಿ, ಇಲ್ಲಿ ಉಜ್ಜೂದು" ಎಂದು ನಕ್ಕಿರಿ. ಇಲ್ಲಿ ಕಲಿತ ಮಕ್ಕಳಿಗೂ ಒಂದು ದಿನ ಡಿಗ್ರಿಯ ದಾರಿ ತೆರೆಯಬೇಕು ಎಂದು ಎಷ್ಟು ಅರ್ಜಿ ಬರೆದಿರಿ! ನಾವು ಹಿಂದಿನಿಂದ ನಗುತ್ತಿದ್ದೆವು. ಕ್ಷಮಿಸಿ.

ಶ್ವೇತಾ ಕಾರವಾರದ ನಮ್ಮ ದೋಣಿ ರಿಪೇರಿ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತ ದಿನ ಆ ಅರ್ಜಿಗಳೇ ನೆನಪಾದವು. ಸುಂಕಸಾಳದ ಹುಡುಗಿ, ಓದುವುದು ಅಂಕೋಲೆಯ ಕಾಲೇಜಿನಲ್ಲಿ. ಈಗ ಅಪ್ರೆಂಟಿಸ್ ಡಿಗ್ರಿ ಅಂತ ಬಂದಿದೆ, ಮಾಸ್ತರರೇ. ಕೊನೆಯ ವರ್ಷ ಪೂರ್ತಿ ಕೆಲಸದ ಜಾಗದಲ್ಲೇ ಕಲಿಯುವುದು, ಅದಕ್ಕೂ ಅಂಕ. ದೋಣಿಯ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಅವಳಿಗೆ ಹತ್ತು ತಿಂಗಳು ಕಲಿಸಿದೆ. ನನ್ನನ್ನು 'ಅಕ್ಕೋರೇ' ಎಂದು ಕರೆದಳು. ಶಾಲೆಯ ಟೀಚರಿಗೆ ಹೇಳುವ ಮಾತು ನನಗೆ! ಹಿಗ್ಗಿಹೋಗಿದ್ದೆ.

ಅಂಕದ ಹಾಳೆ ಒಯ್ಯಲು ಬಂದ ಕಾಲೇಜಿನ ಲೆಕ್ಚರರ್ ನನ್ನ ಸಹಿ ನೋಡಿ ಮುಖ ಸಣ್ಣದು ಮಾಡಿದ. "ನೀವು ಡಿಗ್ರಿ ಮಾಡ್ಲಿಲ್ವಾ ಅಕ್ಕಾ? ಹಂಗಾರೆ ಇದು ನಡಿಯೂದಿಲ್ಲ. ಡಿಗ್ರಿ ಆದವ್ರೇ ಸಹಿ ಹಾಕ್ಬೇಕು, ಇಲ್ದಿದ್ರೆ ಇವಳ ವರ್ಷ ಹೋತದೆ." ಶೆಡ್ಡಿನಲ್ಲಿ ಡಿಗ್ರಿ ಇದ್ದವನು ಹಾಜರಿ ನೋಡುವ ಸತೀಶ ಒಬ್ಬನೇ. ಅವನು ಪೆನ್ನು ಹಿಡಿದು ನನ್ನನ್ನೇ ಕೇಳಿದ: "ಅಕ್ಕಾ, ಪಿಸ್ಟನ್ ಅಂದ್ರೆ ಯಾವ್ದು?" ತಮಾಷೆಗಲ್ಲ, ನಿಜಕ್ಕೂ ಕೇಳಿದ. ಅವನ ಸಹಿಯಿಂದ ಶ್ವೇತಾ ಪಾಸಾದಳು. ನೀವು ಬೇಡಿದ ದಾರಿ ತೆರೆದದ್ದು ನಿಮ್ಮ ವಿದ್ಯಾರ್ಥಿನಿಯನ್ನೇ ಹೊರಗೆ ನಿಲ್ಲಿಸಲಿಕ್ಕಾ? ನೀವಿದ್ದಿದ್ದರೆ, ಡಿಗ್ರಿ ಇಲ್ಲದ ನಿಮ್ಮ ಸಹಿಯೂ...

ಈ ವರ್ಷ ನಾನೂ ಆ ಡಿಗ್ರಿಗೆ ಅರ್ಜಿ ತುಂಬಿದೆ. ಕೆಲಸದ ಅನುಭವಕ್ಕೂ ಅಂಕ ಕೊಟ್ಟು ಡಿಗ್ರಿಗೆ ಸೇರಿಸಿಕೊಳ್ಳುತ್ತಾರೆ ಎಂದು ತಿಳಿದುಕೊಂಡು ಬಂದವಳು ಶ್ವೇತಾಳೇ. ಅವಳೀಗ ನಮ್ಮಲ್ಲೇ ಕೆಲಸಕ್ಕಿದ್ದಾಳೆ. ನನ್ನ ಸಹಿಯಿಂದ ಇನ್ನೊಬ್ಬಳ ವರ್ಷ ಹಾಳಾಗುವ ಮಾತು ಮತ್ತೆ ಬರಬಾರದು ಎಂದು ನಲವತ್ತು ದಾಟಿದವಳು ಸೇರಿಕೊಂಡೆ. ನನಗೆ ಅಂಕ ಹಾಕುವವರ ಹೆಸರು ಬಂದಾಗ ಕಾಗದವನ್ನು ಎರಡೆರಡು ಸಲ ಓದಿದೆ. ಶ್ವೇತಾ! ನನ್ನಿಂದ ಬೈಸಿಕೊಂಡವಳು, ಈಗ ಡಿಗ್ರಿ ಇದ್ದವಳು! ಅವಳೂ ಅತ್ತಳು.

"ನಾ ನಿಮ್ಗೆ ಮಾರ್ಕ್ಸ್ ಹಾಕೂದಾ ಅಕ್ಕೋರೇ? ನನ್ನ ಕೈಲಿ ಆಗೂದಿಲ್ಲ."

"ಸತೀಶನ ಹಂಗೆ ಕಣ್ಣು ಮುಚ್ಕಂಡು ಹಾಕ್ಬೇಡ. ನೋಡಿ ಹಾಕು," ಎಂದೆ. ಜಂಬದಿಂದಲೇ ಹೇಳಿದೆ. ಇಷ್ಟು ವರ್ಷ ಪಳಗಿದ ಕೈ ನನ್ನದು, ಎಷ್ಟು ಕಡಿಮೆ ಹಾಕಿಯಾಳು?

ಮೊನ್ನೆ ಸೋಮವಾರ ಹಾಳೆ ಕೊಟ್ಟು ಎದುರಿಗೇ ನಿಂತಳು. ಎಂಜಿನ್ ಕೆಲಸಕ್ಕೆ ಪೂರ್ತಿ ಅಂಕ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದಕ್ಕೆ ಸೊನ್ನೆ. ಐದಲ್ಲ, ಎರಡಲ್ಲ, ಸೊನ್ನೆ! ಅವಳು ಕಣ್ಣೊರೆಸಿಕೊಂಡು ಹೇಳಿದಳು: "ನಿಮ್ಗೆ ಅದು ಬರೂದಿಲ್ಲ ಅಕ್ಕೋರೇ. ಬತ್ತದೆ ಅಂತ ಬರಿಯೂಕೆ ಕೈ ಹೋಗ್ಲಿಲ್ಲ."

ಸಿಟ್ಟಿಗೆ ಊಟ ಬಿಟ್ಟು ಕೂತೆ. ಹೋದ ವರ್ಷ ಸತೀಶ ಏನೂ ನೋಡದೆ ಅವಳಿಗೆ ಪೂರ್ತಿ ಅಂಕ ಹಾಕಿದ್ದ. ಇವಳು ನೋಡಿದ್ದಳು, ಅಳುತ್ತಲೇ ನೋಡಿದ್ದಳು. ಕಲಿಸಿದವಳಿಗೆ ಸೊನ್ನೆ ಹಾಕಲು ಎಷ್ಟು ಧೈರ್ಯ ಬೇಕು, ಮಾಸ್ತರರೇ? ನನಗಂತೂ ಇರಲಿಲ್ಲ. ನೀವು ತಪ್ಪು ಅಳತೆ ಹೇಳಿದ ದಿನವೂ ನಾನು ಸುಮ್ಮನೆ ಹ್ಞೂಂ ಎಂದಿದ್ದೆ.

ಈಗ ದಿನಾ ಕೆಲಸ ಬಿಟ್ಟ ಮೇಲೆ ಒಂದು ತಾಸು ಅವಳ ಪಕ್ಕ ಕೂತು ಮೌಸ್ ಹಿಡಿಯುತ್ತೇನೆ. ಗೆರೆ ಎಲ್ಲೆಲ್ಲೋ ಓಡುತ್ತದೆ, ಅವಳು ಬೈಯುತ್ತಾಳೆ. ಪಾಸಾದರೂ ಫೇಲಾದರೂ ನಿಮಗೆ ತಿಳಿಸುತ್ತೇನೆ, ಇದು ನನ್ನ ಮಾತು. ಆ ಹಾಳೆಯಲ್ಲಿ ಸೊನ್ನೆಯ ಕೆಳಗೆ 'ವಿದ್ಯಾರ್ಥಿಯ ಸಹಿ' ಎಂಬ ಜಾಗ ಖಾಲಿ ಇತ್ತು. ನಿನ್ನೆ ಹಾಕಿದೆ. ಕಾಲೇಜಿನವರು ತೆಗೆದುಕೊಂಡರು. ನನ್ನ ಸಹಿ ನಡೆಯಿತು.

ನಿಮ್ಮ ನಾಗವೇಣಿ