ಬೀಗಿತ್ತಿ ಟೈಮ್ ಕೇಳಿದರು

ಮಾರ್ಚ್ 3, ಸಂಜೆ 7.20 (ಅಂದರೆ 7.00)

ಈ ಕೊರಿಯನ್ ಭಾಷೆಗೆ ಇಲ್ಲಿಯವರೆಗೆ ಬಿದ್ದ ಖರ್ಚು. ಮೇಡಂ ಫೀಸು, ಪೂರ್ತಿ ಮುಂಗಡ, ವಾಪಸ್ ಇಲ್ಲ. ಹೆಡ್‌ಫೋನು ಒಂದು. ವಕೀಲರ ಕರಿ ಕೋಟಿನ ತೋಳು — ‘ಹಾನಾ, ತೂಲ್, ಸೆತ್’ ಅಂತ ಎಣಿಸುತ್ತ ಇಸ್ತ್ರಿಪೆಟ್ಟಿಗೆಯನ್ನು ಅದರ ಮೇಲೇ ಮರೆತೆ. ಕೋಟು ಹೊಲಿಸಿಕೊಡಬೇಕು. ವಕೀಲರು ಇನ್ನು ಬೇರೆ ಲಾಂಡ್ರಿ ನೋಡಿಕೊಳ್ಳುತ್ತಾರೆ, ಅದೂ ಖರ್ಚೇ. ಯಜಮಾನರ ಜೊತೆ ಜಗಳ — ಅದಕ್ಕೆ ಬೆಲೆ ಕಟ್ಟಿಲ್ಲ, ಹೇಗೂ ಆಗುತ್ತಿತ್ತು.

ಜಮಾ: ಒಂದೂವರೆ ವಾಕ್ಯ.

ಎಲ್ಲ ಮಗಳಿಗಾಗಿ. ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಜೊತೆಗೆ ಕೆಲಸ ಮಾಡುವ ಕೊರಿಯದ ಹುಡುಗನನ್ನು ಒಪ್ಪಿದ್ದಾಳೆ. ಬಂದ ಸಂಬಂಧಕ್ಕೆಲ್ಲ ಮೂಗು ಮುರಿದವಳು ಇವನೊಬ್ಬನಿಗೆ ಹೂಂ ಅಂದಿದ್ದಾಳೆ. ಹುಡುಗನ ತಾಯಿ ಹೂಂ ಅನ್ನಬೇಕು, ಅಷ್ಟೇ ಬಾಕಿ. ಒಬ್ಬಳೇ ನಿಂತು ಸಾಕಿದ ತಾಯಿ. ಅವರು ಬೇಡ ಅಂದರೆ ಮದುವೆ ಇಲ್ಲ ಅಂತ ಹುಡುಗ ಖಂಡತುಂಡವಾಗಿ ಹೇಳಿದ್ದಾನೆ. ಹದಿನೆಂಟಕ್ಕೆ ಬರುತ್ತಾರೆ, ಒಂದು ವಾರ.

ಮಾರ್ಚ್ 6

‘ಟೈಮ್’ ಪಾಠವೇ ಯಾಕೆ ಅಂದರೆ, ಹುಡುಗ ಹೇಳಿದ್ದಕ್ಕೆ.

“ನನ್ನ ಅಮ್ಮ ಬಸ್ ಸ್ಟ್ಯಾಂಡಲ್ಲಿ ಮೈಕ್. ಯಾವ ಬಸ್ಸು ಎಷ್ಟೊತ್ತಿಗೆ — ಜೀವನ ಪೂರ್ತಿ ಹೇಳಿದ್ರು. ರಿಟೈರ್ ಆದ ದಿನ ವಾಚ್ ಬಿಚ್ಚಿ ಡ್ರಾಯರಲ್ಲಿ ಇಟ್ರು. ಈಗ ಬೇರೆಯವರನ್ನ ಕೇಳ್ತಾರೆ. ಹೇಗೆ ಹೇಳ್ತಾರೆ ನೋಡಿ, ಮನುಷ್ಯ ಹೇಗೆ ಅಂತ ತಿಳ್ಕೊಳ್ತಾರೆ. ನೀನು ಕಲ್ತುಕೋ ಅಮ್ಮಾ.”

‘ನೀನು’ ಅಂತೆ. ಅಷ್ಟು ಮರ್ಯಾದೆಯ ಭಾಷೆಯಿಂದ ಬಂದವನು ನನಗೆ ‘ನೀನು’ ಅನ್ನುತ್ತಾನೆ. ನಮ್ಮ ಮಾತನ್ನು ಕಲಿತದ್ದು ನನ್ನ ಮಗಳ ಹತ್ತಿರ, ಅವಳ ಬಾಯಲ್ಲಿ ಇದ್ದದ್ದೇ ಅಷ್ಟು.

ಮಾರ್ಚ್ 7, ಮಧ್ಯಾಹ್ನ

ಗಂಟೆಗೆ ಒಂದು ಎಣಿಕೆ, ನಿಮಿಷಕ್ಕೆ ಬೇರೆಯೇ ಎಣಿಕೆ! ಒಂದೇ ಗಡಿಯಾರ, ಎರಡು ಲೆಕ್ಕ. ಎರಡು ಲೆಕ್ಕ ಇಡುವವರನ್ನು ನಾನೂ ಕಂಡಿದ್ದೇನೆ, ಎಲ್ಲರೂ ತೆರಿಗೆಯವರಿಗೆ ಹೆದರುವ ಜನ.

ಮೇಲಿಂದ ಮರ್ಯಾದೆ. ಮಾತಿನ ಕೊನೆಗೆ ಗೆಳತಿಗೆ ಒಂದು ಬಾಲ, ದೊಡ್ಡವರಿಗೆ ಒಂದು ಬಾಲ, ಮೈಕಿನಲ್ಲಿ ಸಾರುವುದಕ್ಕೆ ಇನ್ನೂ ಉದ್ದದ ಬಾಲ. ಕೇಳುವ ಮೊದಲು ‘ಶಿಲ್ಲೇಜಿಮಾನ್’. ತೊಂದರೆ ಕೊಡ್ತಿದ್ದೀನಿ, ಆದರೆ... ಅಂತ ಅರ್ಥ.

“ಟೈಮ್ ಕೇಳೋಕೆ ಕ್ಷಮೆ ಯಾಕಮ್ಮ? ನಾನೇನು ಅವರ ಗಡಿಯಾರ ಕದ್ದಿದ್ದೀನಾ?” ಅಂದೆ.

ಮೇಡಂ (ನನ್ನ ಮಗಳಿಗಿಂತ ಚಿಕ್ಕವಳು, ಕಂಪ್ಯೂಟರಿನಲ್ಲಿ ಭುಜದವರೆಗೆ ಮಾತ್ರ ಇದ್ದಾಳೆ) ನಕ್ಕಳು. “ಹೇಳಿ ಆಂಟಿ. ಶಿಲ್ಲೇಜಿಮಾನ್, ಚಿಗಮ್ ಮ್ಯೊ ಶಿಯೇಯೊ?”

“ಕೇಳೋದು ಬೇಡ, ಹೇಳೋದು ಮಾತ್ರ ಕಲಿಸು. ನನ್ನ ಅಂಗಡೀಲಿ ಇಷ್ಟು ದೊಡ್ಡ ಗಡಿಯಾರ ಇದೆ. ನಾನ್ಯಾಕೆ ಕೇಳಲಿ?”

“ಎರಡೂ ಪ್ಯಾಕೇಜಲ್ಲೇ ಬರುತ್ತೆ ಆಂಟಿ.”

ದುಡ್ಡು ಕೊಟ್ಟಾಗಿದೆ ಅಂತ ಅದನ್ನೂ ಬಾಯಿಪಾಠ ಮಾಡಿದೆ. ಕೊಟ್ಟದ್ದನ್ನು ಬಿಟ್ಟು ಬರುವ ಜಾಯಮಾನ ನನ್ನದಲ್ಲ.

ಮಾರ್ಚ್ 12

ಇವತ್ತು ಮೇಡಂ ಕೇಳಿದಳು, ನಾನು ತಡವರಿಸಿದೆ. ಕಂಪ್ಯೂಟರಿನ ಹಿಂದಿನ ಕುರ್ಚಿಯಿಂದ ಉತ್ತರ ಬಂತು. ಯಜಮಾನರು! ಪೇಪರು ಓದುತ್ತ, ಕಾಲ ಮೇಲೆ ಕಾಲು ಹಾಕಿಕೊಂಡು, ಬಿಟ್ಟಿಯಾಗಿ ಕಲಿತಿದ್ದಾರೆ.

“ಅಂಕಲ್ ಸೂಪರ್!” ಅಂದಳು ಮೇಡಂ. “ಮರ್ಯಾದೆ ಬಾಲ ಒಂದು ಬಿಟ್ಟುಹೋಯ್ತು ಅಷ್ಟೇ.”

“ಬಾಲ ಎಲ್ಲ ಅವಳದೇ ಡಿಪಾರ್ಟ್‌ಮೆಂಟು” ಅಂದರು ಮಹಾರಾಯರು.

ಜಗಳ ಇನ್ನೊಂದು. ಖರ್ಚಿಗೆ ಸೇರಿಸು.

ಮಾರ್ಚ್ 16, ಬೆಳಿಗ್ಗೆ 8.50 (8.30)

ಮಗಳು ಅಂಗಡಿಗೆ ಬಂದು ಗಡಿಯಾರದ ಕಡೆ ಕೈ ತೋರಿಸಿದಳು. “ಅಮ್ಮ, ಅವರು ಬರೋದ್ರೊಳಗೆ ಇದನ್ನ ಸರಿ ಮಾಡ್ತೀಯಾ?”

“ಕೆಟ್ಟಿದ್ರೆ ತಾನೆ ಸರಿ ಮಾಡೋಕೆ?”

ನನ್ನ ಗಡಿಯಾರ ಇಪ್ಪತ್ತು ನಿಮಿಷ ಮುಂದೆ ಓಡುತ್ತದೆ. ಅಂಗಡಿ ಶುರು ಮಾಡಿದ ವರ್ಷ ನಾನೇ ತಿರುಗಿಸಿ ಇಟ್ಟದ್ದು. ಇಸ್ತ್ರಿಯವನು — ನಿಧಾನಪ್ಪ ಅಂತ ನಾನಿಟ್ಟ ಹೆಸರು — ಹೊತ್ತಿಗೆ ಸರಿಯಾಗಿ ಬರಲಿ ಅಂತ. ಒಂದು ವಾರ ಬಂದ. ಆಮೇಲೆ ಅವನೂ ಇಪ್ಪತ್ತು ಕಳೆಯುವುದನ್ನು ಕಲಿತ. ಈಗ ಎಲ್ಲರೂ ಕಳೆಯುತ್ತೇವೆ. ಮಹಡಿಯಲ್ಲಿ ಮನೆ; ಅಲ್ಲಿಯ ಗಡಿಯಾರವನ್ನೂ ಮುಂದಿಟ್ಟೆ, ಇಲ್ಲದಿದ್ದರೆ ಮೆಟ್ಟಿಲು ಹತ್ತಿದಾಗೆಲ್ಲ ಇಪ್ಪತ್ತು ನಿಮಿಷ ಪ್ರಾಯ ಕಮ್ಮಿಯಾಗುತ್ತಿತ್ತು. ಯಾರಾದರೂ ಟೈಮ್ ಕೇಳಿದರೆ ಕಣ್ಣು ಒಂದು ನೋಡುತ್ತದೆ, ಬಾಯಿ ಇನ್ನೊಂದು ಹೇಳುತ್ತದೆ. ತೊಂದರೆಯೇ ಇಲ್ಲ.

“ಈ ಗಡಿಯಾರದ ಮೇಲೇ ನಿನ್ನನ್ನ ಓದಿಸಿದ್ದು” ಅಂದೆ. ಹೋದಳು.

ಮಾರ್ಚ್ 18

ಬಂದರು. ಗಿಡ್ಡ ಹೆಂಗಸು, ಕತ್ತರಿಸಿದ ಬಿಳಿಗೂದಲು, ಬೆನ್ನು ಮಾತ್ರ ಅಳತೆಗೋಲು. ಕೈಯಲ್ಲಿ ವಾಚಿಲ್ಲ, ನಿಜ. ಅಂಗಡಿಗೆ ಬಂದವರು ಮೊದಲು ಮುಟ್ಟಿ ನೋಡಿದ್ದು ಮಡಿಸಿಟ್ಟ ಶರ್ಟಿನ ಕಾಲರು. ತಲೆಯಾಡಿಸಿದರು. ನನಗೆ ಹಿಡಿಸಿದರು.

ಹತ್ತಿರದ ಲಾಡ್ಜಿನಲ್ಲಿ ಉಳಿದಿದ್ದಾರೆ. ದಿನಾ ಮಧ್ಯಾಹ್ನ ನಮ್ಮಲ್ಲಿಗೆ. ಐದಕ್ಕೆ ಹುಡುಗ ಡ್ಯೂಟಿ ಮುಗಿಸಿ, ಕಾರಲ್ಲಿ ಬಂದು ಬೀದಿಯ ಕೊನೆಯಲ್ಲಿ ಹತ್ತಿಸಿಕೊಳ್ಳುತ್ತಾನೆ. ಒಳಗೆ ಕಾರು ಬರುವುದಿಲ್ಲ, ತರಕಾರಿ ಗಾಡಿಗಳು.

ಮಾರ್ಚ್ 19, ಸಂಜೆ

ಕೇಳಿದರು! ಟೀ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು, ತಲೆ ಸ್ವಲ್ಪ ಬಾಗಿಸಿ, “ಶಿಲ್ಲೇಜಿಮಾನ್, ಚಿಗಮ್ ಮ್ಯೊ ಶಿಯೇಯೊ?”

ಎದ್ದು ನಿಂತೆ. ಅವರ ಬೆನ್ನ ಹಿಂದಿನ ಗೋಡೆಯ ಗಡಿಯಾರ ನೋಡಿದೆ. ಗಂಟೆಗೆ ಆ ಎಣಿಕೆ, ನಿಮಿಷಕ್ಕೆ ಈ ಎಣಿಕೆ, ಕೊನೆಗೆ ಬಾಲ. “ನೇ ಶಿ ಓಶಿಬೊ ಬುನಿಯೇಯೊ.” ನಾಲ್ಕು ಐವತ್ತೈದು. ಒಂದಕ್ಷರ ಜಾರಲಿಲ್ಲ.

ಬೀಗಿತ್ತಿಯ ಮುಖ ಅರಳಿತು. ಕೈ ಹಿಡಿದರು. ಮರುಕ್ಷಣ ಬ್ಯಾಗೆತ್ತಿಕೊಂಡು ಗಡಿಬಿಡಿಯಲ್ಲಿ ಹೊರಟೇಬಿಟ್ಟರು. ಟೀ ಅರ್ಧ ಹಾಗೇ. ಇರಲಿ. ಶಿಸ್ತಿನವರು.

ಫೀಸು ವಸೂಲಾಯಿತು.

ಮಾರ್ಚ್ 20

ಮತ್ತೆ ಕೇಳಿದರು. ಮತ್ತೆ ಹೇಳಿದೆ, ನಿನ್ನೆಗಿಂತ ಚೆನ್ನಾಗಿ. ಮತ್ತೆ ಓಡಿದರು. ಈ ಸಲ ಮುಖ ಅಷ್ಟು ಅರಳಲಿಲ್ಲ. ಹೊರಗೆ ಧೂಳುಗಾಳಿ ಬೇರೆ.

ಮಾರ್ಚ್ 21, ಸಂಜೆ 6.10 (5.50)

ಮೈ ಉರಿಯುತ್ತಿದೆ. ಇವತ್ತು ನನ್ನನ್ನು ಕೇಳಲಿಲ್ಲ. ನಾನು ಎದುರಿಗೇ ಕೂತಿದ್ದೇನೆ, ಗಂಟಲು ಸರಿಮಾಡಿಕೊಂಡಿದ್ದೇನೆ... ಆಯಮ್ಮ ಪೂರ್ತಿ ಆ ಕಡೆ ತಿರುಗಿ ಯಜಮಾನರನ್ನು ಕೇಳಿದರು. ಇವರು ಪೇಪರಿಂದ ಅರ್ಧ ಕಣ್ಣು ಎತ್ತಿ, “ನೇ ಶಿ ಬಾನ್.” ನಾಲ್ಕೂವರೆ. ಬಾಲವಿಲ್ಲ, ಮರ್ಯಾದೆಯಿಲ್ಲ, ಎದ್ದು ನಿಲ್ಲುವುದಂತೂ ಕೇಳಲೇಬೇಡಿ. ಅದಕ್ಕೇ ಆಯಮ್ಮ ಸಮಾಧಾನವಾಗಿ ಕೂತು ಟೀ ಪೂರ್ತಿ ಕುಡಿದರು. ಇನ್ನೊಂದು ಲೋಟ ಕೇಳಿ ಕುಡಿದರು!

“ನನ್ನಷ್ಟು ಚೆನ್ನಾಗಿ ಹೇಳಿದ್ರಾ ನೀವು?” ಅಂದೆ, ಆಮೇಲೆ.

“ಇಲ್ಲಪ್ಪ. ಗಂಟೆ ಎಷ್ಟು ಅಂತ ಹೇಳಿದೆ” ಅಂದರು.

ಮಾರ್ಚ್ 22

ಮಗಳು ಬಂದಳು. ಚಪ್ಪಲಿ ಬಿಡಲಿಲ್ಲ, ಕೂರಲಿಲ್ಲ.

“ಅಮ್ಮ, ನೀನು ಅವರಿಗೆ ಏನು ಟೈಮ್ ಹೇಳಿದೆ?”

“ಯಾಕೆ? ಉಚ್ಚಾರಣೆ ತಪ್ಪಿತಾ?”

“ಉಚ್ಚಾರಣೆಗೆ ಬೆಂಕಿ ಬಿತ್ತು! ಎರಡು ದಿನ ಆ ಧೂಳಲ್ಲಿ ಬೀದಿ ಮೂಲೇಲಿ ನಿಂತಿದ್ರಂತೆ, ಅವನು ಬರೋವರೆಗೆ. ಎರಡನೇ ದಿನ ತರಕಾರಿಯವನು ಪಾಪ ಸ್ಟೂಲ್ ಕೊಟ್ಟನಂತೆ. ಅವರು ಏನು ತಿಳ್ಕೊಂಡಿದ್ದಾರೆ ಗೊತ್ತಾ? ಹುಡುಗಿ ಅಮ್ಮನ ಮಾತು ಬಹಳ ಮರ್ಯಾದೆ, ಆದರೆ ನಾನು ಬೇಗ ಜಾಗ ಖಾಲಿ ಮಾಡಲಿ ಅಂತ ಟೈಮನ್ನೇ ಮುಂದಿಟ್ಟು ಹೇಳ್ತಾರೆ, ನಾನು ಅವರಿಗೆ ಬೇಡ — ಹಾಗಂತ ಅವನ ಹತ್ತಿರ ಹೇಳಿದ್ದಾರೆ!”

ಆಗ ಹೊಳೆಯಿತು.

ನಮ್ಮ ಮಾತಿನಲ್ಲಾದರೆ ಬಾಯಿ ತಾನಾಗಿಯೇ ಇಪ್ಪತ್ತು ಕಳೆಯುತ್ತದೆ. ಕೊರಿಯನ್ನಿನಲ್ಲಿ ಗಂಟೆಗೆ ಒಂದು ಲೆಕ್ಕ, ನಿಮಿಷಕ್ಕೆ ಒಂದು ಲೆಕ್ಕ, ಅದರ ಹಿಂದೆ ಬಾಲ... ತಲೆಯಲ್ಲಿ ಕಳೆಯುವುದಕ್ಕೆ ಜಾಗವೇ ಉಳಿದಿರಲಿಲ್ಲ. ಗೋಡೆಯ ಮೇಲಿದ್ದದ್ದನ್ನು ಹಾಗೇ ಎತ್ತಿ, ಪಾಲಿಶ್ ಮಾಡಿ ಕೊಟ್ಟಿದ್ದೇನೆ. ಯಜಮಾನರು ಕಳೆದು ಹೇಳಿದ್ದರು. ಬಾಲದ ಚಿಂತೆ ಇಲ್ಲದವರಿಗೆ ಪುರಸೊತ್ತು.

“ಅವನು ಹೇಳಲಿಲ್ವಾ, ಅಂಗಡಿ ಗಡಿಯಾರ ಹಾಗೇ ಅಂತ?”

“ಅವನಿಗೆ ಗೊತ್ತಿಲ್ಲಮ್ಮ! ಇದನ್ನೆಲ್ಲ ಯಾರು ಯಾರಿಗೆ ಹೇಳ್ಕೊಳ್ತಾರೆ? ನಾನು ಈಗ ಹೇಳಿದ್ರೂ ಅವರಿಗೆ ಅದು ನೆಪ. ಮುಖ ಮುಚ್ಚಿಕೊಳ್ಳೋಕೆ ಕಟ್ಟಿದ ಕಥೆ.” ಕಣ್ಣೊರೆಸಿಕೊಂಡಳು. “ನಾಳೆ ಬಂದು ಹೇಳಿ ಹೋಗ್ತಾರಂತೆ. ಮದುವೆ ಮಾತೇ ಎತ್ತಲಿಲ್ಲ.”

ಮಾರ್ಚ್ 23

ಮೂರು ಗಂಟೆ ಸುಮಾರಿಗೆ ಬಂದರು, ಹುಡುಗನ ಜೊತೆ. ಕುರ್ಚಿಯ ತುದಿಯಲ್ಲಿ ಕೂತರು, ಬ್ಯಾಗು ತೊಡೆಯ ಮೇಲೆ. ಟೀ ಬೇಡ. ಮಗಳು ಬಾಗಿಲ ಹತ್ತಿರ ಗೋಡೆಗೊರಗಿ ಉಗುರು ಕಚ್ಚುತ್ತಿದ್ದಳು. ಚಿಕ್ಕವಳಿದ್ದಾಗ ಬಿಟ್ಟ ಚಟ.

‘ನನ್ನ ಗಡಿಯಾರ ಮುಂದೆ ಓಡುತ್ತದೆ, ನನ್ನ ಮನಸ್ಸಲ್ಲ’ — ಇದು ಯಾವ ಪ್ಯಾಕೇಜಿನಲ್ಲೂ ಇಲ್ಲ. ನನ್ನ ಹತ್ತಿರ ಇದ್ದದ್ದು ಎರಡೇ ಸರಕು, ಹೇಳುವುದು, ಕೇಳುವುದು. ಹೇಳಿ ಕೆಡಿಸಿಯಾಗಿತ್ತು.

ಸ್ಟೂಲ್ ಹತ್ತಿದೆ. ಗಡಿಯಾರ ಕೆಳಗಿಳಿಸಿದೆ. ಗೋಡೆಯಲ್ಲಿ ಬಿಳಿ ವೃತ್ತ ಉಳಿಯಿತು. ನಿಧಾನಪ್ಪ ಇಸ್ತ್ರಿ ನಿಲ್ಲಿಸಿದ, ಅವನ ಪಾಲಿಗೆ ಅದೇನು ದೊಡ್ಡದಲ್ಲ. ಗಡಿಯಾರವನ್ನು ಆಯಮ್ಮನ ತೊಡೆಯ ಮೇಲೆ, ಬ್ಯಾಗಿನ ಮೇಲೇ ಇಟ್ಟೆ. ತಲೆ ಬಾಗಿಸಿ ಕೇಳಿದೆ:

“ಶಿಲ್ಲೇಜಿಮಾನ್, ಚಿಗಮ್ ಮ್ಯೊ ಶಿಯೇಯೊ?”

ಅವರು ನನ್ನನ್ನು ನೋಡಿದರು. ಗಡಿಯಾರ ನೋಡಿದರು. ಮಗನ ಕಡೆ ಕೈ ಚಾಚಿದರು, ಅವನು ಫೋನ್ ತೋರಿಸಿದ. ಎದ್ದು ನಿಂತರು. ಅಯ್ಯೋ, ಆ ದನಿ! ಆ ಗಿಡ್ಡ ಮೈಯಲ್ಲಿ ಎಲ್ಲಿ ಮಡಿಸಿಟ್ಟಿದ್ದರೋ. “ಸೇ ಶಿ ಶಿಪ್ ಬುನಿಮ್ನಿದಾ!” ಮೂರು ಹತ್ತು. ಬಾಲ ಅಂದರೆ ಅದು, ಮೈಕಿನ ಬಾಲ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಇಣುಕಿದರು.

“ಎಷ್ಟು ವರ್ಷ ಆಯ್ತು ಅಮ್ಮ ಹೀಗೆ ಹೇಳಿ” ಅಂದ ಹುಡುಗ, ಮೆಲ್ಲಗೆ. “ಯಾರೂ ಅವರನ್ನ ಕೇಳೋದಿಲ್ಲ. ವಾಚ್ ಇಲ್ಲ ಅಲ್ವಾ.”

ಗಡಿಯಾರದಲ್ಲಿ ಮೂರೂವರೆ. ಅದರ ಮೇಲೆ ಬೆರಳಿಟ್ಟು ತೋರಿಸಿದೆ. ಮುಳ್ಳು ಹಿಡಿದು ಹಿಂದಕ್ಕೆ, ಹಿಂದಕ್ಕೆ, ಮೂರು ಹತ್ತಕ್ಕೆ ತಂದೆ. ಆಮೇಲೆ ನಿಧಾನಪ್ಪನ ಕಡೆ ಕೈ ಮಾಡಿದೆ. ಇವನಿಗಾಗಿ ತಾಯೀ, ಇವನೊಬ್ಬನಿಗಾಗಿ.

“ನಾನೇನು ಮಾಡ್ದೆ ಅಕ್ಕಾ?” ಅಂದ ಅವನು.

ಬೀಗಿತ್ತಿ ಮುಳ್ಳು ನೋಡಿದರು, ಅವನನ್ನು ನೋಡಿದರು, ಅವತ್ತು ಟೀ ಅರ್ಧ ಬಿಟ್ಟು ಹೋಗಿದ್ದ ಜಾಗವನ್ನು ನೋಡಿದರು. ನಗು ಹೊಟ್ಟೆಯಿಂದ ಎದ್ದು ಬಂತು. ನಗುತ್ತ, ಕೆಮ್ಮುತ್ತ ಮಗನಿಗೆ ಏನೋ ಹೇಳಿದರು.

“ಅಮ್ಮನೂ ಮೈಕಲ್ಲಿ ಬಸ್ಸು ಹೊರಡೋ ಟೈಮು ಐದು ನಿಮಿಷ ಮೊದಲೇ ಹೇಳ್ತಿದ್ರಂತೆ. ಇಲ್ಲಾಂದ್ರೆ ಯಾರೂ ಬಂದು ಹತ್ತೋದಿಲ್ಲ. ನನಗೂ ಇದು ಗೊತ್ತಿರಲಿಲ್ಲ. ಇಪ್ಪತ್ತು ಜಾಸ್ತಿ ಅಂತೆ, ಅಮ್ಮಾ. ಅದು ನೀನು ದುರಾಸೆ ಮಾಡಿದ್ದು ಅಂತೆ.”

ಅಷ್ಟು ಹೇಳಿಸಿ, ತಾವೇ ಮುಳ್ಳು ಹಿಡಿದು ಐದು ನಿಮಿಷ ಮುಂದಕ್ಕೆ ತಳ್ಳಿದರು. ಬಾಗಿಲ ಕಡೆ ತಿರುಗಿ ನನ್ನ ಮಗಳನ್ನು ಕರೆದು, ಬಾಯಲ್ಲಿದ್ದ ಬೆರಳನ್ನು ಎಳೆದು ತೆಗೆದು, ಗಡಿಯಾರ ಅವಳ ಕೈಗೆ ಕೊಟ್ಟರು. ನೇತುಹಾಕು ಅಂತ.

ಹುಡುಗನ ಕಣ್ಣು ತುಂಬಿತ್ತು. ಮಗಳು ಸ್ಟೂಲ್ ಮೇಲೆ ನಿಂತು “ಹೂಂ ಅಂದ್ರಾ? ಇದು ಹೂಂ ತಾನೆ?” ಅಂತ ಕೇಳುತ್ತಲೇ ಇದ್ದಳು.

ಏಪ್ರಿಲ್ 2, ಬೆಳಿಗ್ಗೆ 9.05 (9... ಸರಿ)

ಬೀಗಿತ್ತಿ ಊರು ಸೇರಿ ವಾರವಾಯಿತು. ಯಾರಿಗೆ ಏನು ಸಿಕ್ಕಿತು:

ಮಗಳಿಗೆ ಗಂಡ, ಗಟ್ಟಿ ದನಿಯ ಅತ್ತೆ. ಹುಡುಗನಿಗೆ ಹೂಂ, ನನಗೆ ಇನ್ನೂ ‘ನೀನು’. ತರಕಾರಿಯವನಿಗೆ ಸ್ಟೂಲಿನ ಬಾಬ್ತು ಕೊರಿಯದ ಒಂದು ಛತ್ರಿ. ಯಜಮಾನರಿಗೆ ನಂಬಿಗಸ್ತ ಅನ್ನುವ ಹೆಸರು, ದಮ್ಮಡಿ ಖರ್ಚಿಲ್ಲದೆ. ಮೇಡಂಗೆ ಮುಂದಿನ ಪ್ಯಾಕೇಜಿನ ಫೀಸು — ವಾರ, ತಾರೀಖು. ಮದುವೆ ದಿನ ಗೊತ್ತು ಮಾಡಬೇಕಲ್ಲ. ವಕೀಲರಿಗೆ ಹೊಸ ಕೋಟು. ನಿಧಾನಪ್ಪ ಹಳೇ ರೂಢಿಯಲ್ಲಿ ಇಪ್ಪತ್ತೇ ಕಳೆಯುತ್ತಾನೆ, ಹಾಗಾಗಿ ಅವನಿಗೆ ದಿನಾ ಹದಿನೈದು ನಿಮಿಷದ ನಿದ್ದೆ. ಈಗಲೂ ಬಂದಿಲ್ಲ.

ನನಗೆ

ಫೋನು. ಬೀಗಿತ್ತಿಯೇ. ಮೊದಲು ಕೇಳುವುದು ಅದನ್ನೇ. ಗಂಟೆಗೆ ಆ ಎಣಿಕೆ, ನಿಮಿಷಕ್ಕೆ ಈ ಎಣಿಕೆ, ಬಾಲ, ಮತ್ತೆ ಐದು ಕಳೆ —