ಬಸವರಾಜನಿಗೆ ತೋಡಿದ ಗುಂಡಿ

ಫ್ಲೂಗರ್‌ವಿಲ್, ಟೆಕ್ಸಸ್
೧೪ ಅಕ್ಟೋಬರ್ ೨೦೨೪

ಚಿದಾನಂದ ಅವರಿಗೆ,

ಈರವ್ವನ ಶರಣು. ಇಲ್ಲಿಗೆ ಬಂದಾಗಿನಿಂದ ಫೋನಿನಲ್ಲಿ ನಿಮಗೆ ಸರಿಯಾಗಿ ಏನೂ ಹೇಳಲಿಲ್ಲ, ಸಿಟ್ಟಾಗಬೇಡಿ. ತಮ್ಮ ಬಸವರಾಜನ ಮಗಳು ನಿಧಿ ನನ್ನ ಮಗ್ಗಲು ಬಿಟ್ಟು ಏಳುತ್ತಿಲ್ಲ. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅದಕ್ಕೇ ಈ ಕಾಗದ. ಫೋಟೊ ತೆಗೆದು ಕಳಿಸುತ್ತೇನೆ.

ಟಾಮ್‌ಗೆ ಚರ್ಚಿನ ಅಂಗಳದ ಗುಂಡಿ ಮುಚ್ಚಲು ಹೇಳಿ. ಬಸವರಾಜನ ದೇಹ ಇಂಗ್ಲೆಂಡಿಗೆ ಬರುವುದಿಲ್ಲ. ಸುಟ್ಟಿದ್ದಾರೆ.

ವಿಮಾನ ನಿಲ್ದಾಣಕ್ಕೆ ಅವನ ಪಕ್ಕದ ಮನೆಯ ರಾಜಲಕ್ಷ್ಮಿ ಬಂದಿದ್ದರು, ಮೈಸೂರಿನವರು. "ಎಲ್ಲಾ ಶಾಸ್ತ್ರೋಕ್ತವಾಗಿ ಮುಗಿಸಿದ್ವಿ ಆಂಟಿ. ಕ್ರೆಮಟೋರಿಯಂನವರು ಇವತ್ತು ಬಿಟ್ರೆ ಮುಂದಿನ ವಾರಾನೇ ಅಂದ್ರು, ನಿಮ್ಮ ಫ್ಲೈಟ್ ನೋಡಿದ್ರೆ ಲೇಟು. ನಿಧಿನೇ ಸೈನ್ ಮಾಡಿ, ಅವಳೇ ಬಟನ್ ಒತ್ತಿದ್ಲು, ಪಾಪ" ಎಂದರು. ನಾನು "ಚೊಲೊ ಆತು" ಎಂದೆ. ಯಾಕೆ ಹಾಗೆಂದೆನೋ ತಿಳಿಯದು. ಮನೆ ಬರುವವರೆಗೂ ಮುಂದೆ ಹೋಗುತ್ತಿದ್ದ ಲಾರಿಯನ್ನೇ ನೋಡುತ್ತಿದ್ದೆ.

ನಿಧಿಗೆ ಈ ಗುಂಡಿಯ ಮಾತು ನಾನು ಮೊದಲೇ ಹೇಳಬೇಕಿತ್ತು. ಫೋನಿನಲ್ಲಿ ಅಳುತ್ತಿದ್ದ ಹುಡುಗಿಗೆ ಎದುರು ಕೂತು ಹೇಳಿದರಾಯಿತು ಎಂದುಕೊಂಡೆ. ಸುಡುತ್ತಾರೆಂಬುದು ಹೊಳೆಯಲೇ ಇಲ್ಲ. ನಮ್ಮ ಮನೆತನದಲ್ಲಿ ಯಾರನ್ನೂ ಸುಟ್ಟಿಲ್ಲ. ಅಪ್ಪನನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಟ್ಟೆವು. ಟೆಕ್ಸಸ್ಸಿನಲ್ಲಿ ಹುಟ್ಟಿದ ನಿಧಿ ಅದನ್ನೆಲ್ಲಿ ನೋಡಿದ್ದಾಳೆ? ಹಿಂದೂಗಳೆಂದರೆ ದಹನವೇ ಎಂದು ಎಲ್ಲರೂ ತಿಳಿದರು.

ನಮ್ಮೂರ ಚರ್ಚಿನ ಪ್ಯಾರಿಷ್‌ನವರಿಗೆ ಏನೆಂದು ಹೇಳುತ್ತೀರಿ? ಎಂಟುನೂರು ವರ್ಷದ ಆ ಚರ್ಚಿನ ಅಂಗಳದಲ್ಲಿ ಪ್ಲೇಗಿಗೆ ಸತ್ತವರು, ಯುದ್ಧಕ್ಕೆ ಹೋಗಿ ಬಂದವರು, ಎಲ್ಲ ಅದೇ ನಾಲ್ಕೈದು ಮನೆತನದವರು. ಬಸವರಾಜ ಬೇಸಿಗೆಗೊಮ್ಮೆ ಬಂದು ಅವರೊಡನೆ ಆ ಗೋರಿಗಳ ನಡುವಿನ ಹುಲ್ಲು ಕತ್ತರಿಸಿದ, ಅವರ ಕೇಕು ತಿಂದ, ತನಗೂ ಅಲ್ಲೊಂದು ಜಾಗ ಕೇಳಿದ. ಸಮಿತಿಯಲ್ಲಿ ಒಬ್ಬರು ಗೊಣಗಿದಾಗ ಮುದುಕ ಹೆರಾಲ್ಡ್, "ಹುಲ್ಲು ಕತ್ತರಿಸಲು ಆಗುತ್ತಾನೆ, ಹುಲ್ಲಿನ ಕೆಳಗೆ ಆಗುವುದಿಲ್ಲವೇ?" ಎಂದಿದ್ದರು. ಕೂರಿಸಿ ಹೂಳುವ ಮಾತು ಬಂದಾಗ ಗುಂಡಿ ತೋಡುವ ಟಾಮ್, "ಕೂತರೆ ಆಳ ಬೇಕು. ನನ್ನ ಬೆನ್ನನ್ನೂ ಒಂದು ಮಾತು ಕೇಳಿ" ಎಂದಾಗ ಪಾದ್ರಿ ಮಾರ್ಗರೆಟ್ಟೂ ನಕ್ಕಿದ್ದರು. ಅಷ್ಟು ಆಳ ತೋಡಿಯೂ ಇಟ್ಟ, ಪಾಪ.

ಮುಂದಿನ ವಾರ ನಿಧಿಯನ್ನು ಕರೆದುಕೊಂಡು ಬರುತ್ತೇನೆ. ಬೂದಿಗೆ ಮೂಲೆಯಲ್ಲಿ ಎಲ್ಲಾದರೂ ಸ್ವಲ್ಪ ಜಾಗ ಕೇಳಿ. ಹೊಸ ಮಣ್ಣು ಕಾಣದಂತೆ ಗುಂಡಿಯ ಮೇಲೆ ಹುಲ್ಲು ಹಾಸಲಿ. ಅವಳ ಮುಂದೆ ಯಾರೂ ಆ ಮಾತೆತ್ತಬಾರದು. ಹೆರಾಲ್ಡ್‌ಗೆ ಎರಡು ಸಲ ಹೇಳಿ.

ಬಿಪಿ ಗುಳಿಗೆ ಮರೆಯಬೇಡಿ. ಬಸವಣ್ಣ ನಿಮ್ಮನ್ನೂ ಆ ಊರಿನವರನ್ನೂ ತಣ್ಣಗಿಟ್ಟಿರಲಿ.

ನಿಮ್ಮ
ಈರವ್ವ

ತಾ.ಕ.: ಯಾರನ್ನೂ ಕೇಳದೆ ಹೇಗೆ ಸೈನ್ ಮಾಡಿದಳು ಎಂದು ನಿಮಗೆ ಅನಿಸಬಹುದು. ಕೇಳಿದ್ದಳು. ವಿಮಾನ ಇಳಿದು ಫೋನ್ ಹಾಕಿದರೆ, ನಾನು ಆಕಾಶದಲ್ಲಿದ್ದಾಗ ಅವಳು ಬಿಟ್ಟಿದ್ದ ವಾಯ್ಸ್ ಮೆಸೇಜ್: "ಅತ್ತೆ, ನಮ್ಮಲ್ಲಿ ಏನಾದ್ರೂ ಡಿಫರೆಂಟ್ ಆಗಿ ಮಾಡ್ತಾರಾ? ಪ್ಲೀಸ್ ಕಾಲ್ ಮೀ." ನಿನ್ನೆ ಊಟಕ್ಕೆ ಕೂತಾಗ ಅದನ್ನೇ ಎದುರಿಗೆ ಕೇಳಿದಳು. "ಇಲ್ಲವ್ವಾ, ಎಲ್ಲಾ ಬರೋಬ್ಬರಿ ಮಾಡೀದಿ" ಎಂದೆ. ಅಪ್ಪ ಹೋದ ಮೇಲೆ ಅವಳು ಅನ್ನ ಉಂಡದ್ದು ಆಗಲೇ.